ಚಿಪ್ಪಿನ ಕೆಳಗಿನ ಜೇಡಿ

ಕುಮಟಾ
14 ಡಿಸೆಂಬರ್ 2024

ಮಮತಾಳ ಅಪ್ಪನಿಗೆ,

ವೆಂಕಟಲಕ್ಷ್ಮಿಯ ನಮಸ್ಕಾರಗಳು. ಮೇಲೆ ಊರಿನ ಹೆಸರು ನೋಡಿ ಹುಬ್ಬು ಗಂಟಿಕ್ಕಬೇಡಿ. ದೊಡ್ಡಮಳೂರಿನ ಅಕ್ಕನ ಮನೆಗೆ ಹೋಗುತ್ತೇನೆಂದು ಹೇಳಿ ಬಂದದ್ದು ಸುಳ್ಳು. ಅಕ್ಕನನ್ನು ಬಯ್ಯಬೇಡಿ, ಬಾಯಿ ಬಿಡಬೇಡವೆಂದು ನಾನೇ ಆಣೆ ಹಾಕಿಸಿದ್ದೆ. ಮಗಳನ್ನು ನೋಡಬೇಕೆನ್ನಿಸಿತು, ಬಂದೆ. ಫೋನಿನಲ್ಲಿ ಹೇಳಿದರೆ ಅವಳ ಹೆಸರು ಬರುತ್ತಲೇ ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಸೋಮವಾರ ಬೆಳಿಗ್ಗೆ ಕೈಸೇರುತ್ತದೆ.

ನೀವು ನೋಡಿದ ಮಾಗಡಿಯ ಸಂಬಂಧ ಬೇಡವೆಂದು ಅವಳು ಇಲ್ಲಿ ಸಂಶೋಧನೆಗೆ ಸೇರಿ ಎರಡು ವರ್ಷವಾಯಿತು. ಏನು ಕೆಲಸವೆಂದು ಊರಿನವರು ಕೇಳಿದಾಗಲೆಲ್ಲ ನೀವು ಮಾತು ತಿರುಗಿಸುತ್ತಿದ್ದಿರಿ. ಈಗ ಕೇಳಿ. ಇಲ್ಲಿ ಹೊಳೆ ಸಮುದ್ರ ಸೇರುವಲ್ಲಿ ದಿನಕ್ಕೆರಡು ಸಲ ನೀರು ಇಳಿದು, ನಮ್ಮೂರಿನ ಹೊಲಗಳನ್ನೆಲ್ಲ ಸೇರಿಸಿದಷ್ಟು ಅಗಲದ ನೆಲ ಹೊರಗೆ ಬರುತ್ತದೆ. ಅದರಲ್ಲಿ ಎಲ್ಲಿ ಮರಳು, ಎಲ್ಲಿ ಕೆಸರು ಎಂದು ನಕ್ಷೆ ಮಾಡುವುದು ಅವಳ ಕೆಲಸ. ಉಪಗ್ರಹ ಮೇಲಿಂದ ರೇಡಾರ್ ಅಲೆ ಕಳಿಸಿ, ತಿರುಗಿ ಬಂದಷ್ಟನ್ನು ಚಿತ್ರ ಮಾಡುತ್ತದಂತೆ. ಮೋಡ ಕವಿದಿದ್ದರೂ ಅಡ್ಡಿಯಿಲ್ಲ. ನುಣ್ಣನೆಯ ಕೆಸರು ಕಪ್ಪಗೆ ಬರುತ್ತದೆ, ಏರುತಗ್ಗಿನ ಒರಟು ಮರಳು ಬೆಳ್ಳಗೆ.

ಆ ನಕ್ಷೆ ನೋಡಿಯೇ ಇಲ್ಲಿನ ಹೆಂಗಸರು ಕಾಂಡ್ಲಾ ಸಸಿ ನೆಡುವವರಿದ್ದರು. ಉಪ್ಪುನೀರಿನಲ್ಲೇ ಬೆಳೆದು ದಂಡೆ ಕಾಯುವ ಗಿಡ ಅದು; ಆದರೆ ಕೆಸರು ಬೇಕು. ಹಿಂದೆ ಎರಡು ಸಲ ಮರಳಿನಲ್ಲಿ ನೆಟ್ಟು ಎಲ್ಲ ಕೊಚ್ಚಿಹೋಗಿತ್ತಂತೆ. ಈ ಸಲವೂ ತಪ್ಪಿದರೆ ಇನ್ನು ಯಾರೂ ಕೈ ಹಾಕುವುದಿಲ್ಲ ಎಂದು ಅವಳಿಗೆ ಭಯ.

ಎಲ್ಲಿ ನೆಡಬೇಕೆಂದು ತೀರ್ಮಾನಿಸಲು ಗುರುವಾರ ಅಧಿಕಾರಿಗಳ ಸಭೆ. ಬುಧವಾರ ನೀರು ಇಳಿದಾಗ ಅವಳು ಮಣ್ಣಿನ ಮಾದರಿ ತರಲು ಹೊರಟಳು, ಚೀಲ ಹಿಡಿದು ನಾನೂ ಹೋದೆ. ನಕ್ಷೆಯಲ್ಲಿ ದಡದ ಹತ್ತಿರ ದೊಡ್ಡದೊಂದು ಜಾಗ ಬೆಳ್ಳಗಿತ್ತು. ಉಳಿದ ಬಿಳಿ ಜಾಗಗಳನ್ನೆಲ್ಲ ಅಗೆದು ನೋಡಿದ್ದಳು, ಇದೊಂದು ಬಾಕಿ. ಮರಳೇ ಇರಬೇಕೆಂದು ಬರೆದು, ನೆಡುವ ಜಾಗಗಳಿಂದ ಕೈಬಿಟ್ಟಿದ್ದಳು. ನಾನು ಅದರ ಮೇಲೆ ಹಾಯ್ದೆ, ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಅವಳು ಎಳೆಯುತ್ತಾಳೆ, ನಾನು ನಗುತ್ತೇನೆ. ಒಂದು ಚಪ್ಪಲಿ ಬರಲೇ ಇಲ್ಲ. ಕಾಲಿಗೆ ಮೆತ್ತಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಮರಳಲ್ಲ ಕಣವ್ವ. ಮೇಲೊಸಿ ಚಿಪ್ಪೈತೆ, ಕೆಳಗೆಲ್ಲ ಜೇಡಿ" ಎಂದೆ. ನೀರು ಏರುವುದರೊಳಗೆ ಹನ್ನೆರಡು ಕಡೆ ಅಗೆದೆವು. ಎಲ್ಲ ಕಡೆಯೂ ಅದೇ. ಸತ್ತ ಚಿಪ್ಪುಗಳ ಒರಟನ್ನು ರೇಡಾರ್ ಮರಳಿನಂತೆಯೇ ತೋರಿಸಿತ್ತು.

ಸಭೆಯಲ್ಲಿ ಅಧಿಕಾರಿಗಳ ಮುಂದೆ ತನ್ನ ತಪ್ಪನ್ನು ತಾನೇ ಹೇಳಿದಳು, ತಲೆ ತಗ್ಗಿಸಲಿಲ್ಲ. ಕಂಡುಹಿಡಿದವರು ಯಾರೆಂದು ಕೇಳಿದ್ದಕ್ಕೆ ನನ್ನತ್ತ ಕೈ ತೋರಿಸಿದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ನಾನು ನಾಚಿ ಸೆರಗು ಬಾಯಿಗಿಟ್ಟುಕೊಂಡೆ. ನಿನ್ನೆ ಅದೇ ಜಾಗದಲ್ಲಿ ಅವರ ಜೊತೆ ಮೊದಲ ಸಾಲು ಸಸಿ ನೆಟ್ಟು ಬಂದೆ. ಇಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ವಾಪಸು ಬರುವಾಗ ಮಗಳು ಒಂದು ಮಾತು ಅಂದಳು. "ಅಪ್ಪ ಬಂದಿದ್ರೆ ಕಾಲಿಡೋಕ್ ಮುಂಚೆನೇ ಎಂಥಾ ಮಣ್ಣು ಅಂತ ಹೇಳ್ಬುಡೋರು."

ಮುಂದಿನ ಶನಿವಾರ ಬರುತ್ತೇನೆ. ಅವಳೂ ಬರುತ್ತಾಳೆ, ನಾಲ್ಕು ದಿನ ಇರುತ್ತಾಳೆ.

ನಿಮ್ಮ
ವೆಂಕಟಲಕ್ಷ್ಮಿ

ತಾ.ಕ.: ಪಕ್ಕದ ಮನೆ ಲೋಕೇಶನ ಫೋನಿನಿಂದ ಪ್ರತಿ ಸೋಮವಾರ ಯಾರೋ ಅವಳಿಗೆ ಫೋನ್ ಮಾಡಿ, ದನಿ ಕೇಳಿ, ಮಾತಾಡದೆ ಇಟ್ಟುಬಿಡುತ್ತಾರಂತೆ. ಎರಡು ವರ್ಷದಲ್ಲಿ ಅವಳು ಒಂದು ಸೋಮವಾರವೂ ಆ ಫೋನ್ ಎತ್ತದೆ ಬಿಟ್ಟಿಲ್ಲ. ನಿಮ್ಮ ಕೆಮ್ಮು ಅವಳಿಗೆ ಗೊತ್ತಾಗುವುದಿಲ್ಲವೇ? ಈ ಸೋಮವಾರ ಮಾತಾಡಿ.