ಅಮ್ಮ ಮುಂದಕ್ಕೆಳೆದ ಸೀಟು

ಅಪ್ಪ,

ವರ್ಷದ ಕೊನೆಯ ಧೂಳು ಹೊಡೆಯಲು ನಿನ್ನೆ ಇಮಾಬರಿಯ ನಮ್ಮ ಮನೆಗೆ ಬಂದೆ. ನೀವಿಲ್ಲದ ಮೊದಲ ಡಿಸೆಂಬರ್. ಅಮ್ಮ ಕಿಟಕಿಗಳನ್ನು ಬಿಟ್ಟು ಮೊದಲು ನಿಮ್ಮ ಕಾರನ್ನೇ ತೊಳೆದಳು. ಮಾರುವುದಕ್ಕಿರಬೇಕು ಎಂದುಕೊಂಡು ನಾನೂ ಚಕ್ರಗಳನ್ನು ಉಜ್ಜಿದೆ. ಒರೆಸಿ, ಮುಂಭಾಗಕ್ಕೆ ಹೊಸ ವರ್ಷದ ಹುಲ್ಲಿನ ಹಾರ ಕಟ್ಟಿದ ಮೇಲೆ ಅವಳು ನಿಮ್ಮ ಸೀಟಿನಲ್ಲಿ ಕುಳಿತು ಅದನ್ನು ಮುಂದಕ್ಕೆ ಎಳೆದುಕೊಂಡಳು.

“ಏನಮ್ಮಾ ಇದು? ನಿಂಗೆಲ್ಲಿದೆ ಲೈಸೆನ್ಸು?”

“ನೀನು ಹುಟ್ಟೋಕೆ ಮುಂಚಿಂದ್ಲೂ ಇದೆ, ಚಿಜುರು. ತಪ್ಪದೆ ರಿನ್ಯೂ ಮಾಡಿಸಿದೀನಿ. ನಿಮ್ಮಪ್ಪ ಸ್ಟೇರಿಂಗ್ ಮುಟ್ಟೋಕೆ ಬಿಟ್ರೆ ತಾನೆ? ಆ ಕಡೆ ಸರಿ, ಸೋಯಾಸಾಸ್ ಮುಗಿದಿದೆ.”

ಒಬ್ಬಳೇ ಅಂಗಡಿಗೆ ಓಡಿಸಿಕೊಂಡು ಹೋಗಿ ಬಂದಳು. ಗೋಡೆಗೆ ತಾಗದಂತೆ ರಿವರ್ಸ್‌ನಲ್ಲಿ ನಿಲ್ಲಿಸಿದಳು.

ಏಪ್ರಿಲ್‌ನಲ್ಲಿ ನೀವು ಕುಸಿದುಬಿದ್ದ ಬೆಳಿಗ್ಗೆ ನಾವಿಬ್ಬರೂ ಇದೇ ಕಾರಿನ ಪಕ್ಕ ನಿಂತು ಆಂಬ್ಯುಲೆನ್ಸ್‌ಗೆ ಕಾದೆವು. ನನಗೆ ಓಡಿಸಲು ಬರುವುದಿಲ್ಲ; ಅವಳಿಗೂ ಬರುವುದಿಲ್ಲವೆಂದೇ ತಿಳಿದಿದ್ದೆ. ಅವಳು ಅಂದು ಹೆದರಿದ್ದಳೋ, ನಿಮ್ಮ ಮಾತು ಮೀರಬಾರದೆಂದಿದ್ದಳೋ, ಬೇರೇನೋ, ನನಗೆ ತಿಳಿಯುತ್ತಿಲ್ಲ. ಯಾರ ಮೇಲೆ ಸಿಟ್ಟಾಗಲಿ ಎಂಬುದೂ ತಿಳಿಯುತ್ತಿಲ್ಲ.

ಕೇಳಲೆಂದು ಕಾರಿನ ಬಾಗಿಲ ಬಳಿ ಹೋದೆ. ಅವಳು ಸ್ಟೇರಿಂಗ್ ಬಿಟ್ಟಿರಲಿಲ್ಲ.

“ನಾಳೆ ಅಪ್ಪನ ಸಮಾಧಿ ತೊಳೆಯೋಕೆ ಇದರಲ್ಲೇ ಹೋಗೋಣ” ಎಂದಳು.

ಸರಿ ಎಂದೆ. ಅವಳು ಯಾವಾಗಲೂ ಕೂರುತ್ತಿದ್ದ ಪಕ್ಕದ ಸೀಟಿನಲ್ಲಿ, ಬಕೆಟ್ ಹಿಡಿದುಕೊಂಡು ಬರುತ್ತೇನೆ.

ಚಿಜುರು