ಇಂದುಬಾಯಿಗೊಂದು ಡಬ್ಬಿ ಗಜ್ಜರಿ ಪಚಡಿ

ಏಪ್ರಿಲ್ ೬, ಮುಂಜಾನೆ ೭

ಕೂಡಿದ ಮಹಾಜನರೇ, ಮುಂದೆ ಕುಳಿತ ತಾಯಂದಿರೇ, ಬೇವಿನ ಗಿಡ ಏರಿ ಕುಳಿತ ಪುಂಡರೇ, ಕೇಳಿರಿ. ಸಿಂದಗಿಯ ಈ ಅಡುಗೆಮನೆಯಲ್ಲಿ ಖಂಡೆಪ್ಪ ಮಹಾರಾಜರು, ಅರ್ಥಾತ್ ನಾನೇ, ಇವತ್ತೂ ತಮ್ಮ ಚಹಾ ತಾವೇ ಕಾಸಿದರು. ಒಂಬತ್ತನೆಯ ದಿನ. ಹಾಲು ಉಕ್ಕಿತು. ನೋಡುವವರು ಯಾರೂ ಇರಲಿಲ್ಲ...

ಹೆಂಡತಿ ಇಂದುಬಾಯಿ ತವರಿನಲ್ಲಿದ್ದಾಳೆ, ಇಂಗಳೇಶ್ವರದಲ್ಲಿ. ತಪ್ಪು ನನ್ನದು. ಇಂಡಿ ಊರಿನಲ್ಲಿ ನಾನು ಪಾರ್ಟು ಮಾಡಿದ ನಾಟಕದಲ್ಲಿ ಎರಡನೆಯ ಅಂಕ ಸಪ್ಪೆಯಾಗಿತ್ತು. ಬರೆದ ಮಾತು ಬಿಟ್ಟು ಹೇಳಿಬಿಟ್ಟೆ — ನನ್ನ ಹೆಂಡತಿ ಈ ವಯಸ್ಸಿಗೆ ಕದ ಹಾಕಿಕೊಂಡು ಅ ಆ ಇ ಈ ತಿದ್ದುತ್ತಾಳೆಂದು. ನಾಲಗೆ ಕಚ್ಚಿ, ಪಾಟಿಗೆ ಮೂಗು ತಾಗಿಸಿ ಮಾಡಿಯೂ ತೋರಿಸಿದೆ. ಸೀಟಿ ಬಿದ್ದವು. ಮೂರನೆಯ ಸಾಲಿನಲ್ಲಿ ಅವಳೇ ಕೂತಿದ್ದಳು, ತನ್ನ ತಮ್ಮ ಭೀಮುವಿನ ಮಗ್ಗುಲಿಗೆ.

ಫೋನ್ ಎತ್ತುವುದಿಲ್ಲ.

ಏಪ್ರಿಲ್ ೭, ಮಧ್ಯಾಹ್ನ

ಹೊಳೆಯಿತು. ಬೇಸಿಗೆ ಬಂದರೆ ಗಜ್ಜರಿ, ಅಂದರೆ ಕ್ಯಾರೆಟ್, ತುರಿದು ಪಚಡಿ ಮಾಡಿ ಫ್ರಿಜ್‌ನಲ್ಲಿಡುತ್ತಿದ್ದಳು. ರೊಟ್ಟಿಯ ಜೊತೆ ತಣ್ಣಗೆ ನನಗೇ ಮೊದಲು. ನಾನು ಬಟ್ಟಲು ಖಾಲಿ ಮಾಡಿ ಏಳುತ್ತಿದ್ದೆ. ಅವಳ ಪಾಲಿಗೆ ಎಷ್ಟು ಉಳಿಯುತ್ತಿತ್ತೋ, ಒಮ್ಮೆಯೂ ನೋಡಲಿಲ್ಲ. ಈ ಸಲ ಇಡೀ ಡಬ್ಬಿ ಅವಳಿಗೆ.

ಮಾಡುವುದು ಹೇಗೆ? ಪಕ್ಕದ ಮನೆಯ ಶಮಶಾದಬಿಯನ್ನು ಗೋಡೆಯಾಚೆಯಿಂದ ಕೇಳಿದೆ.

"ಗಜ್ಜರಿ ಸಣ್ಣಗ ತುರೀರಿ. ಶೇಂಗಾ ಪುಡಿ, ಕೊತ್ತಂಬರಿ, ಲಿಂಬಿ ರಸ. ಉಪ್ಪು ಮಾತ್ರ ಉಣ್ಣಾಕ ಕುಂತಾಗ ಹಾಕಬೇಕ್ರಿ, ಅಣ್ಣಾರ."

"ಮೊದ್ಲ ಹಾಕಿದ್ರ?"

"ನೀರ ಬಿಡತೈತಿ. ಹೊತ್ತಲ್ಲದ ಹೊತ್ತಿನ್ಯಾಗ ಬಿದ್ರ ಕೆಡತೈತ್ರಿ, ನಿಮ್ಮ ಮಾತಿನಂಗ."

ಒಳಗೆ ಬಂದು ಗಜ್ಜರಿ ತೊಳೆದೆ. ತುರಿದೆ. ಬೆರಳೂ ತುರಿಮಣೆಗೆ ಸಿಕ್ಕಿತು.

ಏಪ್ರಿಲ್ ೮, ಸಂಜೆ ೬

ಥರ್ಮಾಕೋಲ್ ಪೆಟ್ಟಿಗೆ, ಅದರಲ್ಲಿ ಬರ್ಫು, ನಡುವೆ ಡಬ್ಬಿ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದೆ. ಇಂಗಳೇಶ್ವರಕ್ಕೆ ಮುಟ್ಟಿದಾಗಲೂ ಪಚಡಿ ತಣ್ಣಗೇ ಇತ್ತು.

ಬಾಗಿಲಲ್ಲಿ ನಿಂತೆ. "ತಪ್ಪಾಯ್ತು" — ಇದೊಂದೇ ಮಾತು ಹೇಳಬೇಕಿತ್ತು. ಬಾಯಿ ತೆರೆದರೆ... ನಲವತ್ತು ವರ್ಷ ಮೈಕ್ ಇಲ್ಲದೆ ಕೊನೆಯ ಸಾಲು ಮುಟ್ಟಿದ ಗಂಟಲು. ಓಣಿಗೆ ಓಣಿಯೇ ಬಂತು. ಒಬ್ಬ ಮೊಬೈಲ್ ಎತ್ತಿದ. ಜನ ಕಂಡೊಡನೆ ಇನ್ನೂ ನಾಲ್ಕು ಮಾತು ತಾವಾಗಿ ಬಂದವು. ಮೊಣಕಾಲೂರಿದೆ. ಚಪ್ಪಾಳೆ ಬಿತ್ತು.

ಅವಳು ಹೊರಗೆ ಬಂದಳು.

"ಇವ್ರನ್ನೆಲ್ಲಾ ಕರಕೊಂಡ ಬಂದೀರೇನು?"

"ಇಲ್ಲ, ತಾವ ಬಂದಾರ."

"ಇಂಡ್ಯಾಗೂ ತಾವ ಬಂದಿದ್ರು."

ಕದ ಹಾಕಿಕೊಂಡಳು. ಭೀಮು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಡಬ್ಬಿ ಬಿಚ್ಚಿದ. ಉಪ್ಪು ಉದುರಿಸಿಕೊಂಡು ತಿಂದ.

"ಪಚಡಿ ಚಲೋ ಆಗೇತಿ, ಮಾವಾರ. ಸುಮ್ನ ಕೊಟ್ಟ ಹೋಗಿದ್ರ ಅಕ್ಕ ತಿಂತಿದ್ಲು."

ಏಪ್ರಿಲ್ ೧೫, ಸಂಜೆ ೭

ಒಂದು ವಾರ ಆ ಒಂದೇ ಮಾತಿನ ತಾಲೀಮು. ಕನ್ನಡಿಯ ಮುಂದೆ, ಸಣ್ಣ ದನಿಯಲ್ಲಿ. ರಾಜನ ದನಿ ಬರುತ್ತದೆ, ರಾಕ್ಷಸನದು ಬರುತ್ತದೆ. ಗಂಡನದು ಬರುವುದಿಲ್ಲ. "ತಪ್ಪಾಯ್ತು" ಎಂದು ಪಿಸುಗುಟ್ಟಿದೆ ಎಂದುಕೊಂಡರೆ, ಗೋಡೆಯಾಚೆಯಿಂದ ಶಮಶಾದಬಿ —

"ಇರಲಿ ಬಿಡ್ರಿ ಅಣ್ಣಾರ. ನನಗ್ಯಾಕ ಹೇಳ್ತೀರಿ?"

ಏನು ಮಾಡಲಿ. ಮತ್ತೆ ಗಜ್ಜರಿ ತುರಿದು ಫ್ರಿಜ್‌ನಲ್ಲಿಟ್ಟಿದ್ದೇನೆ.

ನಾಳೆ ಮುಂಜಾನೆ ಮೊದಲ ಬಸ್ಸಿಗೆ ಹೋಗುತ್ತೇನೆ. ಓಣಿಯಿಂದಲ್ಲ, ಹೊಲದ ಕಡೆಯಿಂದ. ಹಿತ್ತಲ ಬಾಗಿಲು. ಅವಳು ಎಮ್ಮೆಗೆ ನೀರು ಕುಡಿಸುವ ಹೊತ್ತು, ಬೇರೆ ಯಾರೂ ಇರುವುದಿಲ್ಲ. ಡಬ್ಬಿ ಕೆಳಗಿಡುತ್ತೇನೆ. ಬಾಯಿ ತೆರೆಯುವುದಿಲ್ಲ. ಅವಳಾಗಿ ತಿರುಗಿ ನೋಡುವವರೆಗೆ ನಿಲ್ಲುತ್ತೇನೆ. ನೋಡಿದರೆ, ಆಗ ಆ ಒಂದೇ ಮಾತು, ಅವಳ ಕಿವಿಗಷ್ಟೇ.