ಗೇಟಿಗೆ ಹಾಕಿದ ದೀಪ

ಮಂಗಳವಾರ, ಏಪ್ರಿಲ್ ೯

ಎಷ್ಟು ತಿಕ್ಕಿದರೂ ಕೈಯ ಡೀಸೆಲ್ ವಾಸನೆ ಹೋಗುತ್ತಿಲ್ಲ. ಊಟವೂ ಸೇರಲಿಲ್ಲ. ಜನರೇಟರ್ ತಂದಿದ್ದು ಇವರು, ಡೀಸೆಲ್ ಸುರಿಯುವ ಕರ್ಮ ನನ್ನದು.

ಅದು ಇಡೀ ಮನೆಗೆ ಸಾಲುವುದಿಲ್ಲವಂತೆ. ಎಲ್ಲೆಲ್ಲಿಗೆ ಕೊಡಲಿ ಅಂತ ಎಲೆಕ್ಟ್ರಿಷಿಯನ್ ಬೆಳಗ್ಗೆ ಕೇಳಿದರೆ, ಹಾಲ್‌ನ ಟಿವಿಗೆ, ಗೇಟಿನ ದೊಡ್ಡ ದೀಪಗಳಿಗೆ ಅಂದರು ಇವರು. ಹಿಂದಿನ ಕೋಣೆಯಲ್ಲಿ ಮಾವ ಇದ್ದಾರಲ್ಲ ಅಂದೆ.

"ಅಪ್ಪ ಮಲಗೇ ಇರ್ತಾರೆ, ಅವರಿಗ್ಯಾಕೆ ಲೈಟು?"

ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಸಂಜೆ ಕರೆಂಟ್ ಹೋಯಿತು. ಬೀದಿಗೆ ಬೀದಿಯೇ ಕತ್ತಲೆ, ನಮ್ಮ ಗೇಟು ಮಾತ್ರ ಝಗಝಗ. ಇವರು ಅಲ್ಲೇ ನಿಂತು ಪಕ್ಕದ ಮನೆಯವರ ಮುಂದೆ ಹಲ್ಲು ಕಿರಿಯುತ್ತಿದ್ದರು. "ಇನ್ಮೇಲೆ ನಮ್ಮನೇಲಿ ಕತ್ತಲೆ ಅನ್ನೋದೇ ಇಲ್ಲ ನೋಡಿ!"

ಥೂ. ಹೇಸಿಗೆ.

ಮೇಣದಬತ್ತಿ ಹುಡುಕುತ್ತಿದ್ದೆ, ಮಾವ ಕೂಗಿದರು. ಕತ್ತಲಲ್ಲೇ ಹೋದೆ. ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ಜನರೇಟರ್ ಓಡ್ತಿರೋದು ಕೇಳಿಸ್ತಿದೆ. ಲೈಟು ಬಂದಿರ್ಬೇಕಲ್ಲ? ನಂಗೇನೂ ಕಾಣಿಸ್ತಿಲ್ಲಮ್ಮ, ಕಣ್ಣು ಹೋಯ್ತು ಅನ್ಸುತ್ತೆ."

ಆಮೇಲೆ ದನಿ ತಗ್ಗಿಸಿದರು.

"ಅವನಿಗೆ ಈಗಲೇ ಹೇಳ್ಬೇಡ. ಪಾಪ, ಹೆದರ್ಕೋತಾನೆ."